ಅಪ್ಪನ ಕ್ಯಾಸೆಟ್ಟಿನ ಭೀಮಸೇನರು ಎಲ್ಲಿ ಹೋದರು?

ಪ್ರಶ್ನೆ: ನಮ್ಮ ತಂದೆಯವರ ಹತ್ತಿರ ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳ ಕ್ಯಾಸೆಟ್ ಇತ್ತು. ಸಣ್ಣವನಿದ್ದಾಗ ದಿನಾ ಮುಂಜಾನೆ ಅದನ್ನೇ ಕೇಳುತ್ತಿದ್ದೆ. ಈಗ ಅದೇ ಹಾಡುಗಳನ್ನು ಫೋನಿನಲ್ಲಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಎಲ್ಲವೂ ಸ್ವಚ್ಛವಾಗಿ ಕೇಳಿಸುತ್ತದೆ. ಆದರೆ ಅದು ಆ ದನಿ ಅಲ್ಲ ಅನಿಸುತ್ತದೆ. ಬದಲಾಗಿರುವುದು ಮುದ್ರಣವೋ, ನನ್ನ ಕಿವಿಯೋ, ನೆನಪೋ? ಧ್ವನಿಮುದ್ರಣ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವಾಗ ನಾವು ನಿಜವಾಗಿ ಯಾವುದನ್ನು ಅಳೆಯುತ್ತಿರುತ್ತೇವೆ?
— ಒಬ್ಬ ಓದುಗರು, ಹುಬ್ಬಳ್ಳಿ

ಮೊದಲು ನಿಮ್ಮ ನೆನಪಿನ ಪರವಾಗಿ ಮಾತಾಡುತ್ತೇನೆ. ಇಂಥ ಪ್ರಶ್ನೆ ಎದುರಾದಾಗ ಎಲ್ಲರೂ ಬೊಟ್ಟು ಮಾಡುವುದು ನೆನಪಿನ ಕಡೆಗೇ. ‘ಬಾಲ್ಯದ್ದೆಲ್ಲ ಚೆಂದವೇ, ಬಿಡಿ’ ಎಂದು ಸಮಾಧಾನ ಹೇಳಿ ಮುಗಿಸುತ್ತಾರೆ. ಆ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ದಿನವೂ ಕೇಳಿ ಕೇಳಿ ಬಾಯಿಪಾಠವಾದ ಹಾಡಿನ ವಿಷಯದಲ್ಲಿ ನೆನಪು ಆಶ್ಚರ್ಯಪಡುವಷ್ಟು ನಿಖರವಾಗಿರುತ್ತದೆ.

ಡೇನಿಯಲ್ ಲೆವಿಟಿನ್ ಎಂಬ ಮನೋವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅವರು ವಿದ್ಯಾರ್ಥಿಗಳನ್ನು ಕರೆದು, ತಮಗೆ ಚೆನ್ನಾಗಿ ಗೊತ್ತಿರುವ ಜನಪ್ರಿಯ ಹಾಡನ್ನು ನೆನಪಿನಿಂದಲೇ ಹಾಡಿ ಅಂದರು. ಶ್ರುತಿ ಕೊಡಲಿಲ್ಲ, ಮುದ್ರಿಕೆ ಕೇಳಿಸಲಿಲ್ಲ. ಎರಡು ಪ್ರಯತ್ನಗಳಲ್ಲಿ ಒಂದು ಸಲವಾದರೂ ಮೂಲ ಮುದ್ರಿಕೆಯ ಶ್ರುತಿಯಲ್ಲೇ ಹಾಡಿದವರು ನೂರಕ್ಕೆ ಸುಮಾರು 40 ಮಂದಿ. ಅದೇ ವಿದ್ಯಾರ್ಥಿಗಳ ಲಯವನ್ನು ಅಳೆದಾಗಲೂ ಹೆಚ್ಚಿನವರು ಮೂಲಕ್ಕೆ ತೀರ ಹತ್ತಿರವಿದ್ದರು. ಬಣ್ಣದ ನೆನಪು, ಅಂದರೆ ದನಿಯ ನಾದಗುಣದ ನೆನಪು, ಇನ್ನೂ ಚುರುಕು. 1999ರಲ್ಲಿ ಕೆನಡಾದ ಸಂಶೋಧಕರು ಜನಪ್ರಿಯ ಹಾಡುಗಳಿಂದ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತುಣುಕು ಕತ್ತರಿಸಿ ಕೇಳಿಸಿದರು. ಅಷ್ಟರಲ್ಲಿ ಒಂದು ಸ್ವರವೂ ಪೂರ್ತಿ ಬರುವುದಿಲ್ಲ. ಆದರೂ ಕೇಳಿದವರು ಬರಿಯ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚು ಸಲ ಹಾಡನ್ನು ಗುರುತಿಸಿದರು.

ಈಗ ನಿಮ್ಮ ತಂದೆಯವರ ಟೇಪ್ ರೆಕಾರ್ಡರಿಗೆ ಬರೋಣ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದಾಗಿನಿಂದ ಇದೇ ಲೆಕ್ಕ. ಆದರೆ ಮನೆಗಳಲ್ಲಿದ್ದ ಟೇಪ್ ರೆಕಾರ್ಡರುಗಳ ಮೋಟಾರು, ರಬ್ಬರ್ ಬೆಲ್ಟು, ಟೇಪನ್ನು ಒತ್ತಿ ಹಿಡಿಯುವ ಗಾಲಿ ಎಲ್ಲವೂ ಸರಿಯಾಗಿದ್ದರೆ ತಾನೇ ಆ ವೇಗ? ಮೂರು ಪರ್ಸೆಂಟ್ ಜೋರಾಗಿ ಓಡಿತು ಎಂದಿಟ್ಟುಕೊಳ್ಳಿ. ಹಾರ್ಮೋನಿಯಮ್ಮಿನ ಬಿಳಿ ಒಂದರಿಂದ ಕರಿ ಒಂದಕ್ಕೆ ಹೋಗುವ ದಾರಿಯಲ್ಲಿ ಅರ್ಧದಷ್ಟು ಶ್ರುತಿ ಏರಿಬಿಡುತ್ತದೆ. ಲಯವೂ ಅಷ್ಟೇ ಚುರುಕಾಗುತ್ತದೆ. ಜೊತೆಗೆ ಗಾಯಕರ ದನಿಯ ಗಾತ್ರ ಕೊಂಚ ಇಳಿದು, ಅವರು ವಯಸ್ಸಿನಲ್ಲಿ ಕಿರಿಯರಾದಂತೆ ಕೇಳಿಸುತ್ತದೆ. ಇಂಥ ಯಂತ್ರದ ಮುಂದೆ ಬೆಳೆದ ಹುಡುಗನ ತಲೆಯಲ್ಲಿ ಉಳಿಯುವುದು ಆ ಏರಿದ ಶ್ರುತಿಯ, ಚುರುಕು ಲಯದ ಭೀಮಸೇನರೇ. ಮುಂದೆ ಎಂದೋ ಸರಿಯಾದ ವೇಗದ ಪ್ರತಿ ಕೇಳಿದಾಗ ‘ಯಾಕೋ ಜೀವ ಇಲ್ಲ, ಎಳೆದಂತಿದೆ’ ಅನಿಸಿದರೆ ಅಲ್ಲಿ ನೆನಪಿನ ತಪ್ಪೇನಿಲ್ಲ. ತಾನು ಕೇಳಿದ್ದನ್ನು ಅದು ಸರಿಯಾಗಿಯೇ ಕಾಪಾಡಿಕೊಂಡಿದೆ.

ಮುದ್ರಣವೂ ಬದಲಾಗಿರಬಹುದು. ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ಏರಿಸುವಾಗ ಹಿಸ್ಸೆನ್ನುವ ಸದ್ದನ್ನು ತೆಗೆಯುವ ಹುಮ್ಮಸ್ಸು ಬಹಳ ಜನರಿಗೆ. ಆ ಸದ್ದು ಇರುವ ಎತ್ತರದ ಕಂಪನಗಳಲ್ಲೇ ತಂಬೂರಿಯ ಜೀವಾಳದ ಝೇಂಕಾರವೂ, ‘ಸ’, ‘ಶ’ ಅಕ್ಷರಗಳ ಮೊನಚೂ ಇರುತ್ತವೆ. ಸದ್ದಿನ ಜೊತೆ ಅವೂ ಹೋಗುತ್ತವೆ. ನಿಮ್ಮ ಮಾತಿನಲ್ಲಿ ‘ಸ್ವಚ್ಛವಾಗಿ’ ಎಂಬ ಪದ ಕಂಡ ಕೂಡಲೇ ನನಗೆ ಈ ಅನುಮಾನ ಬಂತು. ಹೆಡ್‌ಫೋನಿನ ಮಾತು ಬೇರೆ. ಕೋಣೆಯಲ್ಲಿ ಇಟ್ಟ ಟೇಪ್ ರೆಕಾರ್ಡರಿನ ದನಿ ಗೋಡೆ, ಹೆಂಚು, ನೆಲಕ್ಕೆ ಬಡಿದು ಎರಡೂ ಕಿವಿಗೆ ಬರುತ್ತದೆ, ತಲೆ ತಿರುಗಿಸಿದರೆ ಬದಲಾಗುತ್ತದೆ. ಅದೇ ದನಿ ಹೆಡ್‌ಫೋನಿನಲ್ಲಿ ತಲೆಯ ಒಳಗೇ ಹುಟ್ಟಿದಂತಿರುತ್ತದೆ. ಕಿವಿಯ ಬಗ್ಗೆ ಹೇಳುವುದಾದರೆ, ವಯಸ್ಸಾದಂತೆ ಎಲ್ಲರಿಗೂ ಮೇಲಿನ ಕಂಪನಗಳು ಕಡಿಮೆಯಾಗುತ್ತವೆ. ಇಪ್ಪತ್ತರಲ್ಲಿ ಕೇಳಿಸುವ 16,000 ಹರ್ಟ್ಸ್‌ನ ಸಣ್ಣ ಕೀಚಲು ಅರವತ್ತರಲ್ಲಿ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಗಾಯನದ ಮಟ್ಟಿಗೆ ಇದು ಅಷ್ಟು ದೊಡ್ಡ ನಷ್ಟವಲ್ಲ.

ಇಲ್ಲಿಯವರೆಗೆ ಹೇಳಿದ್ದು ದೀರ್ಘಕಾಲದ ನೆನಪು. ಇನ್ನೊಂದು ನೆನಪಿದೆ, ಅದರ ಆಯುಷ್ಯ ಕೆಲವೇ ಸೆಕೆಂಡು. ಈಗಷ್ಟೇ ಕೇಳಿದ ಶಬ್ದದ ಪ್ರತಿಧ್ವನಿಯಂತೆ ಮನಸ್ಸಿನಲ್ಲಿ ಉಳಿಯುವ ಇದನ್ನು ಅಮೆರಿಕದ ಮನೋವಿಜ್ಞಾನಿ ಉಲ್ರಿಕ್ ನೈಸರ್ 1967ರಲ್ಲಿ ‘ಪ್ರತಿಧ್ವನಿ ಸ್ಮೃತಿ’ ಎಂಬ ಅರ್ಥದ ಹೆಸರಿನಿಂದ ಕರೆದರು. ಮುಂದಿನ ಪ್ರಯೋಗಗಳು ಅದರ ಬಾಳಿಕೆ ಎರಡರಿಂದ ನಾಲ್ಕು ಸೆಕೆಂಡಿನ ಆಸುಪಾಸು ಎಂದು ತೋರಿಸಿದವು. ಎರಡು ಸ್ಪೀಕರುಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಹಿಡಿಯಲು ಬೇಕಾಗುವುದು ಈ ಅಲ್ಪಾಯುಷಿ ನೆನಪೇ. ಒಂದು ಅಂಗಡಿಯಲ್ಲಿ ಒಂದು ಸ್ಪೀಕರ್ ಕೇಳಿ, ಊಟ ಮುಗಿಸಿ, ಇನ್ನೊಂದು ಅಂಗಡಿಗೆ ಹೋಗಿ ಮತ್ತೊಂದು ಕೇಳಿ ‘ಇದರ ಮೇಲಿನ ಸ್ವರ ಹೆಚ್ಚು ತಿಳಿಯಾಗಿದೆ’ ಎಂದು ಹೇಳುವವರು ಮೊದಲ ಶಬ್ದವನ್ನು ಎರಡನೆಯದಕ್ಕೆ ಹೋಲಿಸುತ್ತಿರುವುದಿಲ್ಲ. ಮೊದಲನೆಯದರ ಬಗ್ಗೆ ತಾವೇ ತಮಗೆ ಹೇಳಿಕೊಂಡ ಮಾತಿಗೆ ಎರಡನೆಯ ಶಬ್ದವನ್ನು ಹೋಲಿಸುತ್ತಿರುತ್ತಾರೆ. ‘ತಿಳಿ’, ‘ಬೆಚ್ಚಗೆ’, ‘ಗಡಸು’ ಎಂಬಂಥ ಪದಗಳು ಉಳಿದಿರುತ್ತವೆ. ಶಬ್ದ ಹೋಗಿರುತ್ತದೆ.

ಆ ಖಾಲಿ ಜಾಗಕ್ಕೆ ಕಣ್ಣು ನುಗ್ಗುತ್ತದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿತಜ್ಞರು 1994ರಲ್ಲಿ ನಲವತ್ತು ಜನರಿಗೆ ನಾಲ್ಕು ಸ್ಪೀಕರುಗಳನ್ನು ಎರಡು ಬಗೆಯಲ್ಲಿ ಕೇಳಿಸಿದರು: ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರಿಗೆ ಇಟ್ಟು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು, ಸಣ್ಣ ಅಗ್ಗದ ಸ್ಪೀಕರಿನ ಅಂಕ ಇಳಿಯಿತು. ಕೇಳುವುದರಲ್ಲಿ ಪಳಗಿದವರೂ ಈ ಪ್ರಭಾವದಿಂದ ತಪ್ಪಿಸಿಕೊಳ್ಳಲಿಲ್ಲ. ಇದರ ಜೊತೆಗೆ ಜೋರಿನ ಆಟ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದಂತೆ, ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರ ಬಹಳ ಕಡಿಮೆ ಕೇಳಿಸುತ್ತದೆ, ಜೋರು ಮಾಡಿದಂತೆ ತುಂಬಿಕೊಳ್ಳುತ್ತದೆ. ಹಾಗಾಗಿ ಎರಡರಲ್ಲಿ ಯಾವುದು ಒಂದು ಕೂದಲೆಳೆ ಜೋರಾಗಿದೆಯೋ ಅದೇ ‘ಹೆಚ್ಚು ತುಂಬು ದನಿ’ ಅನಿಸಿಬಿಡುತ್ತದೆ. ಕೇಳುವವನಿಗೆ ಅದು ಜೋರು ಎಂದು ಗೊತ್ತೇ ಆಗುವುದಿಲ್ಲ, ಚೆನ್ನಾಗಿದೆ ಎಂದಷ್ಟೇ ಗೊತ್ತಾಗುತ್ತದೆ.

ಆದ್ದರಿಂದ ಯಂತ್ರವನ್ನು ಅಳೆಯುವಾಗ ನೆನಪನ್ನೂ ಕಲ್ಪನೆಯನ್ನೂ ಆದಷ್ಟು ಹೊರಗಿಡಬೇಕು. ತುಣುಕು ಸಣ್ಣದಿರಲಿ, ಜೋರು ಸಮವಾಗಿರಲಿ, ಯಾವುದು ಯಾವುದೆಂದು ಗೊತ್ತಿಲ್ಲದಿರಲಿ, ಒಂದರಿಂದ ಇನ್ನೊಂದಕ್ಕೆ ತಕ್ಷಣ ಹೋಗುವಂತಿರಲಿ.

ಆದರೆ ನೀವು ಕೇಳಿದ್ದು ಯಂತ್ರದ ಬಗ್ಗೆ ಮಾತ್ರವಲ್ಲ. ಭೀಮಸೇನರ ಬಗ್ಗೆ ಕೇಳಿದ್ದೀರಿ. ಅಲ್ಲಿ ಈ ನಿಯಮ ತಲೆಕೆಳಗಾಗುತ್ತದೆ, ಮತ್ತು ನನಗೆ ಮುಖ್ಯವೆನಿಸುವ ವಿಷಯ ಅದೇ. ಮುದ್ರಿತ ಸಂಗೀತವನ್ನು ಸಂಗೀತವಾಗಿ ಕೇಳಬೇಕಾದರೆ ಕಲ್ಪನೆಯನ್ನು ಹೊರಗಿಡಲು ಬರುವುದಿಲ್ಲ. ಅದಿಲ್ಲದೆ ಕೇಳಿಸುವುದೇ ಇಲ್ಲ.

ನಿಮ್ಮ ಮನೆಯ ಟೇಪ್ ರೆಕಾರ್ಡರಿನ ಅಂಗೈಯಗಲದ ಸ್ಪೀಕರಿಗೆ ತಬಲಾ ಜೋಡಿಯ ಡಗ್ಗಾದ ಆಳವಾದ ಗುಂಕಾರವನ್ನು ಹೊರಡಿಸುವ ಶಕ್ತಿ ಇರಲಿಲ್ಲ. 100 ಹರ್ಟ್ಸ್‌ಗಿಂತ ಕೆಳಗಿನ ಕಂಪನ ಅದರಿಂದ ಹೆಚ್ಚುಕಡಿಮೆ ಬರುವುದೇ ಇಲ್ಲ. ಆದರೂ ನೀವು ಡಗ್ಗಾ ಕೇಳಿದಿರಿ. ಫೋನಿನಲ್ಲಿ ಗಂಡಸರ ದನಿ ಗಂಡುದನಿಯಾಗಿಯೇ ಕೇಳಿಸುವುದೂ ಇದೇ ಕಾರಣಕ್ಕೆ: ಹಳೆಯ ಟೆಲಿಫೋನ್ ಸಾಲು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ ದಾಟಿಸುತ್ತಿತ್ತು, ಗಂಡಸಿನ ದನಿಯ ಮೂಲಕಂಪನ ಇರುವುದು 100ರ ಆಚೀಚೆ. ಮೂಲ ಇಲ್ಲ, ಅದರ ಮೇಲಿನ ಉಪಸ್ವರಗಳು ಮಾತ್ರ ಬಂದಿವೆ. ಅವುಗಳ ನಡುವಿನ ಅಂತರವನ್ನು ಲೆಕ್ಕ ಹಾಕಿ ಮಿದುಳು ಇಲ್ಲದ ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. 1840ರ ದಶಕದಲ್ಲೇ ಜರ್ಮನಿಯ ವಿಜ್ಞಾನಿಗಳು ಈ ವಿಚಾರಕ್ಕೆ ಜಗಳವಾಡಿದ್ದರು.

ತುಂಬಿಕೊಳ್ಳುವುದು ಸ್ವರದ ಮಟ್ಟದಲ್ಲಿ ನಿಲ್ಲುವುದಿಲ್ಲ. 1970ರಲ್ಲಿ ರಿಚರ್ಡ್ ವಾರನ್ ಎಂಬವರು ಮುದ್ರಿಸಿದ ವಾಕ್ಯವೊಂದರಿಂದ ಒಂದು ಅಕ್ಷರದ ಶಬ್ದವನ್ನು ಪೂರ್ತಿ ಕತ್ತರಿಸಿ ಅಲ್ಲಿ ಕೆಮ್ಮೊಂದನ್ನು ಇಟ್ಟರು. ಕೇಳಿದವರಿಗೆ ಅಕ್ಷರ ಕಾಣೆಯಾದದ್ದು ಗೊತ್ತಾಗಲಿಲ್ಲ. ಕೆಮ್ಮು ಕೇಳಿಸಿತು, ಆದರೆ ಅದು ವಾಕ್ಯದಲ್ಲಿ ಸರಿಯಾಗಿ ಎಲ್ಲಿ ಬಂತು ಎಂದು ಹೇಳಲಾಗಲಿಲ್ಲ. ಇದೇ ಹಾದಿಯಲ್ಲಿ 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಪರಿಚಿತ ಹಾಡುಗಳ ನಡುವೆ ಕೆಲವು ಸೆಕೆಂಡುಗಳ ಮೌನ ಸೇರಿಸಿದ್ದರು. ಆ ಮೌನದಲ್ಲೂ ಕೇಳುಗರ ಮಿದುಳಿನ ಶ್ರವಣ ಭಾಗ ಕೆಲಸ ಮಾಡುತ್ತಲೇ ಇತ್ತು, ಅಪರಿಚಿತ ಹಾಡಿನ ಮೌನದಲ್ಲಿ ಆದದ್ದಕ್ಕಿಂತ ಹೆಚ್ಚಾಗಿ. ಹಾಡು ನಿಂತಿತ್ತು, ಕೇಳುವುದು ನಿಂತಿರಲಿಲ್ಲ.

ನಮ್ಮ ನಾಡಿನ ಒಂದು ತಲೆಮಾರು ಸಂಗೀತ ಕೇಳಿದ್ದು ಮಧ್ಯಮ ತರಂಗದ ರೇಡಿಯೊದಲ್ಲಿ. ಗೊರಗೊರ ಸದ್ದಿನ ನಡುವೆ, 5,000 ಹರ್ಟ್ಸ್ ದಾಟದ ಇಕ್ಕಟ್ಟಿನಲ್ಲಿ ಬಂದ ತಂಬೂರಿಯನ್ನು ಅವರು ತಂಬೂರಿಯಾಗಿಯೇ ಕೇಳಿದರು, ಏಕೆಂದರೆ ಊರಿನ ಜಾತ್ರೆಯಲ್ಲೋ ಮಠದಲ್ಲೋ ನಿಜವಾದ ತಂಬೂರಿಯ ನಾದ ಅವರ ಕಿವಿಗೆ ಬಿದ್ದಿತ್ತು. (ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕಣ್ಣಿಗೆ ಕಾಣದ ದನಿಯನ್ನು ಮನೆಮನೆಗೆ ಕಳಿಸುವ ಕೆಲಸ ಮನಸ್ಸನ್ನು ಓದಿದವರಿಂದ ಶುರುವಾಯಿತು ಎಂಬುದು ನನಗೆ ಯಾವಾಗಲೂ ಹಿತವಾದ ಸಂಗತಿ.)

ಕಲ್ಪನೆ ಎಷ್ಟು ತುಂಬಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ಎಡಿಸನ್ ಕಂಪನಿಯ ‘ಧ್ವನಿ ಪರೀಕ್ಷೆ’ಗಳಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1912ರಲ್ಲಿ ಎಡಿಸನ್ ‘ಡೈಮಂಡ್ ಡಿಸ್ಕ್’ ಎಂಬ ತಟ್ಟೆಯನ್ನೂ ಅದನ್ನು ನುಡಿಸುವ ಯಂತ್ರವನ್ನೂ ಮಾರುಕಟ್ಟೆಗೆ ತಂದರು. 1915ರಿಂದ ಸುಮಾರು ಹತ್ತು ವರ್ಷ ಕಂಪನಿಯವರು ಅಮೆರಿಕದ ಊರೂರುಗಳ ರಂಗಮಂದಿರಗಳಲ್ಲಿ ಈ ಪರೀಕ್ಷೆ ನಡೆಸಿದರು. ವೇದಿಕೆಯ ಮೇಲೆ ಯಂತ್ರ, ಅದರ ಪಕ್ಕದಲ್ಲಿ ಆ ತಟ್ಟೆಗೆ ಹಾಡಿದ ಗಾಯಕಿಯೇ. ಯಂತ್ರದ ಜೊತೆ ಆಕೆ ಹಾಡುತ್ತಾಳೆ, ನಡುವೆ ತುಟಿ ಮುಚ್ಚುತ್ತಾಳೆ, ಹಾಡು ಮುಂದುವರಿಯುತ್ತದೆ. ಕೊನೆಗೆ ದೀಪ ಆರಿಸುತ್ತಾರೆ. ಕತ್ತಲೆಯಲ್ಲಿ ಹಾಡು ನಡೆಯುತ್ತಿರುತ್ತದೆ, ದೀಪ ಹತ್ತಿದಾಗ ವೇದಿಕೆಯಲ್ಲಿ ಯಂತ್ರ ಮಾತ್ರ ಇರುತ್ತದೆ, ಗಾಯಕಿ ಯಾವಾಗಲೋ ಹೊರಟುಹೋಗಿರುತ್ತಾಳೆ. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ತುಂಬಿದ ಸಭೆಯಲ್ಲೂ ಇದು ನಡೆಯಿತು. ದನಿ ಎಲ್ಲಿ ಮನುಷ್ಯರದ್ದು, ಎಲ್ಲಿ ಯಂತ್ರದ್ದು ಎಂದು ಹೇಳಲಾಗಲಿಲ್ಲವೆಂದು ಊರೂರುಗಳ ಪತ್ರಿಕೆಗಳು ಬರೆದವು.

ಆ ತಟ್ಟೆಗಳನ್ನು ಇಂದು ಕೇಳಿದರೆ ನಂಬುವುದು ಕಷ್ಟ. ಅದು ವಿದ್ಯುತ್ತು, ಮೈಕು ಯಾವುದನ್ನೂ ಬಳಸದೆ ಮಾಡಿದ ಮುದ್ರಣ; ಗಾಯಕರು ದೊಡ್ಡ ಕೊಂಬಿನೊಳಕ್ಕೆ ಹಾಡುತ್ತಿದ್ದರು, ಆ ಒತ್ತಡದಿಂದಲೇ ಮುಳ್ಳು ನಡುಗಿ ಮೇಣದಲ್ಲಿ ಗೀರು ಕೊರೆಯುತ್ತಿತ್ತು. ಆಗಿನ ಮುದ್ರಣಗಳು ಹಿಡಿಯುತ್ತಿದ್ದದ್ದು ಹೆಚ್ಚುಕಡಿಮೆ 200ರಿಂದ 2,500 ಹರ್ಟ್ಸ್‌ನ ಆಸುಪಾಸು, ಟೆಲಿಫೋನಿಗಿಂತಲೂ ಕಡಿಮೆ. ಹಾಗಾದರೆ ಆ ಸಭೆಗಳ ಜನ ಸುಳ್ಳು ಹೇಳಿದರೇ? ನನಗೆ ಹಾಗನಿಸುವುದಿಲ್ಲ. ಒಂದು ಪಾಲು ಗಾಯಕಿಯರದ್ದು: ತಾವು ಯಂತ್ರದ ದನಿಗೆ ಹೊಂದುವಂತೆ ಗಂಟಲನ್ನು ಹದ ಮಾಡಿಕೊಂಡು ಹಾಡುತ್ತಿದ್ದುದಾಗಿ ಇಂಥ ಅನೇಕ ಪರೀಕ್ಷೆಗಳಲ್ಲಿ ಹಾಡಿದ ಆ್ಯನಾ ಕೇಸ್ ಮುಂದೆ ಹೇಳಿಕೊಂಡರು. ಉಳಿದ ಪಾಲು ಕೇಳುಗರದ್ದೇ. ಎದುರಿಗೆ ಗಾಯಕಿ ನಿಂತಿದ್ದಳು, ಈಗಷ್ಟೇ ಆಕೆಯ ನಿಜ ದನಿ ಕೇಳಿದ್ದರು, ಆ ಎರಡು-ಮೂರು ಸೆಕೆಂಡಿನ ನೆನಪು ಇನ್ನೂ ಬಿಸಿಯಾಗಿತ್ತು. ಯಂತ್ರ ಬಿಟ್ಟ ಜಾಗಗಳನ್ನು ಅದು ತುಂಬಿತು. ಯಂತ್ರದ ದನಿ ಕೇಳಿ ಇನ್ನೂ ರೂಢಿಯಿಲ್ಲದವರು ಅದರಲ್ಲಿ ಹುಡುಕಿದ್ದು ಹೋಲಿಕೆಯನ್ನು. ನೂರು ವರ್ಷ ಮುದ್ರಿಕೆ ಕೇಳಿದ ನಾವು ಹುಡುಕುವುದು ಕೊರತೆಯನ್ನು. 1925ರಲ್ಲಿ ಮೈಕಿನ ಮುದ್ರಣ ಬಂದ ಮೇಲೆ ಹಳೆಯ ತಟ್ಟೆಗಳು ಒಮ್ಮೆಲೇ ಡಬ್ಬಿಯೊಳಗಿನ ದನಿಯಂತೆ ಕೇಳಿಸತೊಡಗಿದವು. ತಟ್ಟೆಗಳೇನೂ ಬದಲಾಗಿರಲಿಲ್ಲ.

ಈಗ ಭೀಮಸೇನರತ್ತ. ಅವರ ಬದುಕೇ ಒಂದು ಮುದ್ರಿಕೆಯಿಂದ ತಿರುವು ಪಡೆದದ್ದು ನಿಮಗೆ ಗೊತ್ತಿರಬಹುದು. ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರು ಜಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ತಟ್ಟೆ ಕೇಳಿ, ಹೀಗೆ ಹಾಡುವುದನ್ನು ಕಲಿಯಲೇಬೇಕೆಂಬ ಹುಚ್ಚು ಹತ್ತಿತು. 1933ರ ಹೊತ್ತಿಗೆ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಎಲ್ಲೆಲ್ಲೋ ಅಲೆದು ಕೊನೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ, ಅಂದರೆ ಅದೇ ಖಾನ್ ಸಾಹೇಬರ ಶಿಷ್ಯರ ಬಳಿ.

ಆ ತಟ್ಟೆಯಲ್ಲಿ ಇದ್ದದ್ದೆಷ್ಟು? ಮೂರು ಮೂರೂವರೆ ನಿಮಿಷ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಅಷ್ಟೇ. ಮೈಫಲಿನಲ್ಲಿ ಒಂದು ಗಂಟೆ ಹರಡುವ ರಾಗವನ್ನು ಆ ಅವಧಿಗೆ ಮಡಚಿ ಕೊಡಬೇಕಿತ್ತು. ಮುಳ್ಳಿನ ಕರಕರ ಸದ್ದು ಬೇರೆ. ಇಷ್ಟರಲ್ಲಿ ಒಬ್ಬ ಹುಡುಗ ಕೇಳಿದ್ದನ್ನು ಮುದ್ರಣದ ಗುಣಮಟ್ಟದ ಲೆಕ್ಕದಲ್ಲಿ ಹೇಳಲಾಗುವುದಿಲ್ಲ. ಇನ್ನೊಂದು ಸಂಗತಿ ಗಮನಿಸಿ. ಖಾನ್ ಸಾಹೇಬರ ದನಿ ಎತ್ತರದ್ದು, ಎಳೆಯಂತೆ ತೆಳುವಾದದ್ದು, ಸ್ವರಕ್ಕೆ ನೋವಾಗದಂತೆ ಹಾಡುವ ದನಿ. ಭೀಮಸೇನರು ಮುಂದೆ ಕಟ್ಟಿಕೊಂಡದ್ದು ಎದೆಯಿಂದ ಏಳುವ, ಮಂದ್ರದಿಂದ ತಾರಕ್ಕೆ ಒಂದೇ ಉಸಿರಿನಲ್ಲಿ ನುಗ್ಗುವ ದನಿ. ಆ ತಟ್ಟೆಯನ್ನು ಅವರು ಅನುಕರಿಸಲಿಲ್ಲ. ಅದು ಹೇಳದೆ ಬಿಟ್ಟದ್ದನ್ನು ತಮ್ಮೊಳಗೆ ಬೆಳೆಸಿದರು.

ಹಳೆಯ ತಟ್ಟೆಗಳಿಂದ ಗಾಯಕರ ಯೋಗ್ಯತೆ ನಿರ್ಧರಿಸುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ. ಸವಾಯಿ ಗಂಧರ್ವರು ಬಿಟ್ಟುಹೋದ ಮುದ್ರಿಕೆಗಳು ಕೆಲವೇ ಕೆಲವು. 1952ರಲ್ಲಿ ಅವರು ತೀರಿಕೊಂಡರು. ಎದುರು ಕೂತು ಕೇಳಿದವರು ಇಂದು ಇಲ್ಲವೆಂದೇ ಹೇಳಬೇಕು. ಕೇಳಿದ್ದವರು ಆ ತಟ್ಟೆ ಹಾಕಿದಾಗ ಮೂರು ನಿಮಿಷದ ಸುತ್ತ ಇಡೀ ರಾತ್ರಿಯನ್ನು ನೆನಪಿನಿಂದ ಕಟ್ಟಿಕೊಳ್ಳುತ್ತಿದ್ದರು. ನಮಗೆ ಆ ನೆನಪಿಲ್ಲ. ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರ ದೀರ್ಘ ಮುದ್ರಣಗಳನ್ನು ಚೆನ್ನಾಗಿ ಕೇಳಿ, ಆಮೇಲೆ ಗುರುವಿನ ತಟ್ಟೆಗೆ ಹೋದರೆ ಆ ತುಣುಕು ಯಾವ ಕಟ್ಟಡದ್ದು ಎಂಬ ಅಂದಾಜು ಸಿಗುತ್ತದೆ. ಹೀಗೆ ಕೇಳಿ ಬೆಳೆಸಿಕೊಂಡ ಕಲ್ಪನೆ ಬೇರೆ, ಸುಮ್ಮನೆ ಊಹಿಸಿಕೊಂಡದ್ದು ಬೇರೆ.

ಗಂಗೂಬಾಯಿಯವರ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ. 1930ರ ದಶಕದಲ್ಲಿ ಅವರು ಎಚ್‌ಎಂವಿ ಕಂಪನಿಗೆ ಹಾಡಿದ ತಟ್ಟೆಗಳನ್ನು ಕೇಳಿದವರು ಬೆಚ್ಚುತ್ತಾರೆ. ನಾವು ಬಲ್ಲ ಆ ಗಂಭೀರ, ಗಂಡುದನಿಯ ಗಂಗೂಬಾಯಿ ಅಲ್ಲಿಲ್ಲ. ಎತ್ತರದ, ತೆಳು ಹೆಣ್ಣುದನಿ ಇದೆ. ‘ತಟ್ಟೆ ವೇಗವಾಗಿ ಓಡುತ್ತಿದೆ’ ಎಂದು ಅನುಮಾನಪಡುವುದು ಸಹಜ, ಏಕೆಂದರೆ ಹಳೆಯ ತಟ್ಟೆಗಳಲ್ಲಿ ವೇಗದ ತೊಂದರೆ ನಿಜವಾಗಿಯೂ ಇದೆ. 75 ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತ ಹೆಚ್ಚೇ ಏರುತ್ತದೆ. ಆದರೆ ಗಂಗೂಬಾಯಿಯವರ ವಿಷಯದಲ್ಲಿ ತಟ್ಟೆ ಹೇಳುತ್ತಿರುವುದು ಸತ್ಯ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಪೂರ್ತಿ ಬದಲಾಯಿತು. ಇಲ್ಲಿ ಅಡ್ಡ ಬರುವುದು ನಮ್ಮ ನೆನಪೇ: ನಂತರದ ಗಂಗೂಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮೊದಲಿನವರನ್ನು ಒಳಗೆ ಬಿಡುವುದಿಲ್ಲ.

ಕಲ್ಪನೆ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಹೇಳದಿದ್ದರೆ ಉತ್ತರ ಅರ್ಧವಾದೀತು. ಜಾಯ್ಸ್ ಹ್ಯಾಟೊ ಎಂಬ ಇಂಗ್ಲೆಂಡಿನ ಪಿಯಾನೊ ವಾದಕಿ 1970ರ ದಶಕದಲ್ಲಿ ಕಾಯಿಲೆಯ ಕಾರಣಕ್ಕೆ ಕಛೇರಿ ಕೊಡುವುದನ್ನು ನಿಲ್ಲಿಸಿದರು. ಆಮೇಲೆ, ಅವರ ಇಳಿವಯಸ್ಸಿನಲ್ಲಿ, ಗಂಡನ ಸಣ್ಣ ಕಂಪನಿಯಿಂದ ಅವರ ಹೆಸರಿನ ಸಿಡಿಗಳು ಸಾಲುಸಾಲಾಗಿ ಬರತೊಡಗಿದವು, ನೂರಕ್ಕೂ ಹೆಚ್ಚು. ಕ್ಯಾನ್ಸರಿನೊಂದಿಗೆ ಹೋರಾಡುತ್ತ, ಜಗತ್ತಿನ ಕಣ್ಣಿಗೆ ಬೀಳದೆ, ಪಿಯಾನೊದ ಅತಿ ಕಠಿಣ ಕೃತಿಗಳನ್ನೆಲ್ಲ ನುಡಿಸಿದ ಮಹಾ ಕಲಾವಿದೆ ಎಂದು ವಿಮರ್ಶಕರು ಕೊಂಡಾಡಿದರು. 2006ರಲ್ಲಿ ಅವರು ತೀರಿಕೊಂಡರು. ಮರುವರ್ಷ ಕೇಳುಗರೊಬ್ಬರು ಲಿಸ್ಟ್ ಎಂಬ ಸಂಯೋಜಕರ ಕೃತಿಗಳಿದ್ದ ಅವರ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೇಲೆ ಬಂದದ್ದು ಲಾಸ್ಲೊ ಸೈಮನ್ ಎಂಬ ಬೇರೆ ವಾದಕರ ಹೆಸರು. ‘ಗ್ರಾಮಫೋನ್’ ಪತ್ರಿಕೆ ತಜ್ಞರಿಂದ ತರಂಗಗಳನ್ನು ಹೋಲಿಸಿ ನೋಡಿಸಿತು. ಎರಡೂ ಒಂದೇ ಮುದ್ರಣವಾಗಿದ್ದವು. ಶೊಪೆನ್‌ನ ಮಜುರ್ಕಾ ಎಂಬ ಕೃತಿಗಳ ಮುದ್ರಣಗಳನ್ನು ತಾವಾಗಿಯೇ ಅಳೆಯುತ್ತಿದ್ದ ಲಂಡನ್ ವಿಶ್ವವಿದ್ಯಾಲಯದ ಸಂಶೋಧಕರು, ಹ್ಯಾಟೊ ಹೆಸರಿನವು ಯೂಜಿನ್ ಇಂಜಿಕ್ ನುಡಿಸಿದವೆಂದು ಕಂಡುಕೊಂಡರು. ಸಿಕ್ಕಿಬೀಳದಂತೆ ಕೆಲವು ಮುದ್ರಣಗಳ ವೇಗವನ್ನೂ ಗಂಡನ ಕಂಪನಿಯಲ್ಲಿ ಬದಲಿಸಲಾಗಿತ್ತು. ಗಂಡ ಕೊನೆಗೆ ಒಪ್ಪಿಕೊಂಡ.

ಆ ವಿಮರ್ಶಕರನ್ನು ಹಂಗಿಸಲು ನನಗೆ ಮನಸ್ಸಿಲ್ಲ. ವಾದನ ನಿಜವಾಗಿಯೂ ಒಳ್ಳೆಯದಿತ್ತು, ಕದ್ದದ್ದು ಒಳ್ಳೆಯದನ್ನೇ. ಆದರೆ ಅದರಲ್ಲಿ ಅವರು ಕೇಳಿದ ಇಳಿವಯಸ್ಸಿನ ಪಕ್ವತೆ, ಸಾವಿನೆದುರಿನ ಶಾಂತಿ ಮುದ್ರಣದಲ್ಲಿ ಇರಲಿಲ್ಲ. ಕಥೆಯಿಂದ ಬಂದಿತ್ತು. ಮೂಲ ಮುದ್ರಣಗಳು ಮೊದಲೇ ಮಾರುಕಟ್ಟೆಯಲ್ಲಿದ್ದವು, ಕೇಳಿ ಬಿಟ್ಟಿದ್ದವರೂ ಇದ್ದಿರಬೇಕು. ಯಾರಿಗೂ ಗುರುತು ಹತ್ತಲಿಲ್ಲ. ಇದನ್ನು ಲೆವಿಟಿನ್ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿ. ನೂರು ಸಲ ಪ್ರೀತಿಯಿಂದ ಕೇಳಿದ್ದರ ಶ್ರುತಿ ಕೂಡ ತಲೆಯಲ್ಲಿ ಅಚ್ಚೊತ್ತಿರುತ್ತದೆ. ಒಂದೆರಡು ಸಲ ಕೇಳಿ ಅಭಿಪ್ರಾಯ ಬರೆದು ಕಪಾಟಿಗೆ ಸೇರಿಸಿದ್ದರಲ್ಲಿ ಉಳಿಯುವುದು ಅಭಿಪ್ರಾಯ ಮಾತ್ರ.

ನಿಮ್ಮ ಪ್ರಶ್ನೆಗೆ ಇದರಿಂದ ನೇರವಾದ ಉತ್ತರ ಸಿಗುತ್ತದೆ. ‘ಮುದ್ರಣ ಚೆನ್ನಾಗಿದೆ’ ಎನ್ನುವಾಗ ನಾವು ಎರಡು ಬೇರೆ ತೀರ್ಪುಗಳನ್ನು ಬೆರೆಸುತ್ತೇವೆ. ಯಂತ್ರ ಎಷ್ಟನ್ನು ತಲುಪಿಸಿತು ಎಂಬುದು ಒಂದು. ತಲುಪಿದ್ದರಿಂದ ನಾವು ಯಾವ ಗಾಯಕರನ್ನು ಕಟ್ಟಿಕೊಂಡೆವು ಎಂಬುದು ಇನ್ನೊಂದು. ಪಿ.ಬಿ. ಶ್ರೀನಿವಾಸರ ಹಾಡು ಹಾಕಿದ ಕೂಡಲೇ ರಾಜ್‌ಕುಮಾರರ ಮುಖ ಕಣ್ಣಿಗೆ ಕಟ್ಟುವ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆ ಮುಖ ತಟ್ಟೆಯಲ್ಲಿ ಇಲ್ಲ, ಆದರೆ ಆ ಮುಖವಿಲ್ಲದೆ ಆ ದನಿಯನ್ನು ಕೇಳುವುದು ನಮ್ಮಲ್ಲಿ ಬಹುಪಾಲು ಜನರಿಗೆ ಆಗದ ಕೆಲಸ.

ಆ ಕ್ಯಾಸೆಟ್ ಮನೆಯಲ್ಲಿ ಇನ್ನೂ ಇದೆಯೇ? ಇದ್ದರೆ ಪರೀಕ್ಷೆ ಕಷ್ಟವಲ್ಲ. ಮೊದಲು ಪೆನ್ಸಿಲ್ ತೂರಿಸಿ ಟೇಪನ್ನು ಸಡಿಲವಿಲ್ಲದಂತೆ ಸುತ್ತಿ. ಬೂಷ್ಟು ಹಿಡಿದಿದ್ದರೆ ನುಡಿಸಬೇಡಿ, ಬಲ್ಲವರಿಗೆ ಕೊಡಿ. ಹಳೆಯ ಟೇಪ್ ರೆಕಾರ್ಡರ್ ಸಿಕ್ಕರೆ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಅದರಲ್ಲೇ ಹಾಕಿ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇಳಿಸಿಕೊಂಡು ತಂಬೂರಿಯೋ ಹಾರ್ಮೋನಿಯಮ್ಮೋ ಹಿಡಿದ ಷಡ್ಜ ಯಾವುದೆಂದು ಕ್ಯಾಸೆಟ್ಟಿನಲ್ಲೂ ಹೊಸ ಪ್ರತಿಯಲ್ಲೂ ನೋಡಿ. ಎರಡೂ ಬೇರೆಯಾದರೆ ನಿಮ್ಮ ಕಿವಿಗೂ ನೆನಪಿಗೂ ಅನುಮಾನ ಬೇಡ. ಹೊಸ ಪ್ರತಿಯ ವೇಗವನ್ನು ಕಂಪ್ಯೂಟರಿನಲ್ಲಿ ಅಷ್ಟೇ ಏರಿಸಿ ಇಲ್ಲವೇ ಇಳಿಸಿ ಕೇಳಿ ನೋಡಿ. ಷಡ್ಜ ಒಂದೇ ಆಗಿದ್ದರೆ ಹೆಡ್‌ಫೋನ್ ತೆಗೆದಿಟ್ಟು, ಒಂದೇ ಸ್ಪೀಕರಿನಲ್ಲಿ, ಕೋಣೆಯ ಮೂಲೆಯಿಂದ, ಎರಡನ್ನೂ ಒಂದೇ ಜೋರಿನಲ್ಲಿ ಹತ್ತು ಹತ್ತು ಸೆಕೆಂಡು ಬದಲಿಸುತ್ತ ಕೇಳಿ, ಯಾವುದು ಬರುತ್ತಿದೆ ಎಂದು ಹೇಳದೆ ಬದಲಿಸುವ ಕೆಲಸವನ್ನು ಮನೆಯವರಿಗೆ ವಹಿಸಿ. ಆಗ ತಂಬೂರಿ ಯಾವುದರಲ್ಲಿ ಹೆಚ್ಚು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸುವುದಾದರೆ ಸದ್ದು ತೆಗೆಯದ ಒಂದು ಪ್ರತಿಯನ್ನು, ಕುಗ್ಗಿಸದೆ, ಮೊದಲು ಎತ್ತಿಡಿ. ಸ್ವಚ್ಛ ಮಾಡುವುದೇನಿದ್ದರೂ ಅದರ ನಕಲಿನ ಮೇಲೆ.